ಕೂತವರ ಮಾತ್ರೆ, ನಿಂತವರ ಮಾತ್ರೆ

ಮನುಷ್ಯನ ಮುಖಕ್ಕೂ ಕುದಿಯುವ ಎಣ್ಣೆಗೂ ನಡುವೆ ಎಷ್ಟು ದೂರ ಇರಬೇಕು?

ನಾನು ಕಂಡದ್ದು ಒಂದು ಗೇಣು. ಅಷ್ಟೇ.

ಕಳೆದ ಕೆಲವು ವಾರ ಈ ಅಂಕಣ ಬರಲಿಲ್ಲ. ಹುಷಾರಿಲ್ಲವೇ ಎಂದು ನಿಮ್ಮಲ್ಲಿ ಕೆಲವರು ಪತ್ರಿಕೆಗೆ ಫೋನ್ ಮಾಡಿ ವಿಚಾರಿಸಿದಿರಿ. ಸ್ಟೇಷನ್ನಿನ ಬ್ರಿಜ್ ಮೇಲೆ ಹಿರಿಯರೊಬ್ಬರು ತಡೆದು ನಿಲ್ಲಿಸಿ, "ಏನ್ರೀ, ಬರೆಯೋಕೆ ವಿಷಯ ಮುಗಿದುಹೋಯ್ತೇ?" ಎಂದು ಕೇಳಿದರು. ಮುಗಿದಿರಲಿಲ್ಲ. ವಿಷಯ ಎದುರಿಗೇ ನಿಂತಿತ್ತು. ಪೆನ್ನು ಹಿಡಿದಾಗಲೆಲ್ಲ ಆ ಬಾಣಲೆ ಕಾಣುತ್ತಿತ್ತು. ಮನೆಯಲ್ಲಿ ಹಪ್ಪಳ ಕರಿಯುವ ಸದ್ದು ಕೇಳಿದರೆ ಎದ್ದು ಬಾಲ್ಕನಿಗೆ ಹೋಗುತ್ತಿದ್ದೆ. (ಈಗಲೂ ಹೋಗುತ್ತೇನೆ. ಹೆಂಡತಿ ಹಪ್ಪಳ ಸುಡಲು ಶುರು ಮಾಡಿದ್ದಾಳೆ.)

ಮುಂಬಯಿಯ ಫೋರ್ಟಿನಲ್ಲಿ ನಮ್ಮ ಇನ್ಶೂರೆನ್ಸ್ ಆಫೀಸಿನ ಹಿಂದಿನ ಗಲ್ಲಿಯಲ್ಲಿ ಒಂದು ಉಡುಪಿ ಹೋಟೆಲ್ ಇದೆ. ಹೆಸರು ಬೇಡ. ಲಂಚ್ ಅವರ್‌ನಲ್ಲಿ ಅಲ್ಲಿ ಕುರ್ಚಿ ಸಿಗುವುದೆಂದರೆ ಸಂಜೆಯ ಲೋಕಲ್‌ನಲ್ಲಿ ವಿಂಡೋ ಸೀಟ್ ಸಿಕ್ಕ ಹಾಗೆ. ಹಳೇ ಗಿರಾಕಿ ಎನ್ನುವ ಕಾರಣಕ್ಕೆ ನನಗೊಂದು ಮೂಲೆಯ ಮೇಜು ಖಾಯಂ. ಅಲ್ಲಿ ಕೂತರೆ ಅಡುಗೆಮನೆಯ ಕಿಟಕಿ ಕಾಣುತ್ತದೆ. ಕಿಟಕಿಯಾಚೆ ವಾಸು ಭಟ್ಟರು.

ಭಟ್ಟರು ವಡೆಯವರು. ದೋಸೆಗೆ ಬೇರೆ ಜನ, ಅನ್ನ ಸಾಂಬಾರಿಗೆ ಬೇರೆ ಜನ. ಆದರೆ ಆ ಹೋಟೆಲಿಗೆ ಹೆಸರು ಬಂದದ್ದು ಭಟ್ಟರ ಉದ್ದಿನ ವಡೆಯಿಂದ. ಕೈಗೆ ನೀರು ಹಚ್ಚಿ, ಹಿಟ್ಟು ತೆಗೆದು, ಹೆಬ್ಬೆರಳಲ್ಲಿ ತೂತು ಮಾಡಿ, ಎಣ್ಣೆಗೆ ಜಾರಿಸುವುದನ್ನು ನೋಡಬೇಕು. ಮಾತಾಡುತ್ತಲೇ ಮಾಡುತ್ತಾರೆ. ಕಿಟಕಿಯಿಂದಲೇ ನನ್ನನ್ನು ನೋಡಿ, "ಮೈಸೂರಿನವ್ರು ಬಂದ್ರು, ಸಾಂಬಾರಿಗೆ ಬೆಲ್ಲ ಹಾಕಿ!" ಎಂದು ಕೂಗುತ್ತಾರೆ. ಬೆಲ್ಲ ಹಾಕುವವರು ಉಡುಪಿ ಕಡೆಯ ಅವರೇ, ಮೈಸೂರಿನ ನಾವಲ್ಲ. ಈ ಜಗಳ ನಮ್ಮಿಬ್ಬರ ನಡುವೆ ವರ್ಷಗಳಿಂದ ನಡೆದಿದೆ.

ಆ ದಿನ ಜಗಳ ಆಗಲಿಲ್ಲ.

ನಾನು ಕೂತೆ. ಭಟ್ಟರು ಒಲೆಯ ಉರಿ ತಗ್ಗಿಸಲು ಬಗ್ಗಿದರು. ಎದ್ದರು. ಎದ್ದವರು ಹಾಗೆಯೇ ನಿಂತುಬಿಟ್ಟರು, ಹಿಂದಿನಿಂದ ಯಾರೋ ಹೆಸರು ಹಿಡಿದು ಕರೆದ ಹಾಗೆ. ಕಣ್ಣು ತೆರೆದೇ ಇತ್ತು, ಆದರೆ ಏನನ್ನೂ ನೋಡುತ್ತಿರಲಿಲ್ಲ. ಕೈಯಲ್ಲಿದ್ದ ತೂತಿನ ಸಟ್ಟುಗ ಜಾರಿ ಬಿತ್ತು. ಆಮೇಲೆ ಇಡೀ ಮನುಷ್ಯ ಮುಂದಕ್ಕೆ ವಾಲಿದರು. ನಿಧಾನವಾಗಿ, ನಿದ್ದೆ ಬಂದವರು ದಿಂಬಿನ ಕಡೆ ವಾಲುವ ಹಾಗೆ.

ಮುಂದೆ ಇದ್ದದ್ದು ದಿಂಬಲ್ಲ.

ನಾನು ಎದ್ದು ನಿಂತಿದ್ದೆ. ಕೂಗಿದೆನೇ? ಕೂಗಿದೆ ಅಂತ ಹೋಟೆಲಿನವರು ಹೇಳುತ್ತಾರೆ. ನನಗೆ ನೆನಪಿಲ್ಲ. ಚಟ್ನಿ ರುಬ್ಬುವ ಶೇಖರ ಹಿಂದಿನಿಂದ ಭಟ್ಟರ ಸೊಂಟಕ್ಕೆ ಕಟ್ಟಿದ್ದ ಟವೆಲಿಗೆ ಕೈ ಹಾಕಿ ಎಳೆದ. ಅವನು ಎಳೆದ ರಭಸಕ್ಕೆ ಇಬ್ಬರೂ ಹಿಂದಕ್ಕೆ ಬಿದ್ದರು. ಭಟ್ಟರ ಬಲಗೈ ಮಾತ್ರ ಬಾಣಲೆಯ ಅಂಚಿಗೆ ತಾಗಿ ಎಣ್ಣೆ ತುಳುಕಿತು. ಮೊಣಕೈಯವರೆಗೆ ಸುಟ್ಟಿತು.

ಆ ಟವೆಲ್ ಸ್ವಲ್ಪ ಸಡಿಲ ಇದ್ದಿದ್ದರೆ? ಶೇಖರ ಆಗ ತೆಂಗಿನಕಾಯಿ ಒಡೆಯಲು ಹಿಂದಕ್ಕೆ ಹೋಗಿದ್ದರೆ? ಕಣ್ಣು ಮುಚ್ಚಿದರೆ ಸಾಕು, ನನಗೆ ಇದೇ ಲೆಕ್ಕ. ಪ್ರತಿ ಸಲವೂ ಟವೆಲ್ ಬಿಚ್ಚಿಹೋಗುತ್ತದೆ.

ಟ್ಯಾಕ್ಸಿಯಲ್ಲಿ ಕರೆದುಕೊಂಡು ಹೋದದ್ದು ನಾನು ಮತ್ತು ಗಲ್ಲಾದಲ್ಲಿ ಕೂರುವ ಜಗ್ಗಣ್ಣ. ಜಗ್ಗಣ್ಣ ನಮ್ಮ ಆಂಟಾಪ್ ಹಿಲ್‌ನವರೇ, ಪಕ್ಕದ ಬಿಲ್ಡಿಂಗ್. ಟ್ಯಾಕ್ಸಿಯಲ್ಲಿ ಭಟ್ಟರಿಗೆ ಪೂರ್ತಿ ಎಚ್ಚರ ಬಂದಿತ್ತು. ನೋವಿಗೆ ಹಲ್ಲು ಕಚ್ಚಿಕೊಂಡು, "ವಡೆ ಕಪ್ಪಾಗ್ತದೆ, ತೆಗೀಲಿಕ್ಕೆ ಹೇಳಿ" ಎನ್ನುತ್ತಿದ್ದರು.

ಕ್ಯಾಷುಯಲ್ಟಿಯ ಡಾಕ್ಟರು ಕೈಗೆ ಡ್ರೆಸಿಂಗ್ ಮಾಡಿಸುತ್ತ, "ಕೌನ್‌ಸೀ ಗೋಲಿ ಖಾತೇ ಹೋ?" ಎಂದು, ಯಾವ ಮಾತ್ರೆ ತಿನ್ನುತ್ತೀರೆಂದು ಕೇಳಿದರು. ಭಟ್ಟರು ಎಡಗೈಯಲ್ಲಿ ಅಂಗಿಯ ಜೇಬಿನಿಂದ ಒಂದು ಸಣ್ಣ ಬಿಳಿ ಡಬ್ಬಿ ತೆಗೆದು ಕೊಟ್ಟರು. ಡಾಕ್ಟರು ತಿರುಗಿಸಿ ನೋಡಿದರು. ಅದರ ಮೇಲೆ ಮಾತ್ರೆಯ ಹೆಸರಿಲ್ಲ. ಕಂಪನಿಯ ಹೆಸರಿಲ್ಲ. ಒಂದು ನಂಬರು ಮಾತ್ರ.

"ಏ ಕ್ಯಾ ಹೈ?"

"ಬಿಪೀ ಕಾ," ಎಂದರು ಭಟ್ಟರು. "ಅಸ್ಪತಾಲ್ ಸೇ ಮಿಲ್ತಾ ಹೈ. ನಯಾ ಗೋಲಿ."

ಆಗ ಜಗ್ಗಣ್ಣ ಏನು ಮಾಡಿದರು ಗೊತ್ತೇ? ತಮ್ಮ ಜೇಬಿನಿಂದ ಇನ್ನೊಂದು ಡಬ್ಬಿ ತೆಗೆದು ಅದರ ಪಕ್ಕದಲ್ಲಿಟ್ಟರು. ಅದೇ ಬಿಳಿ. ಅದೇ ಮುಚ್ಚಳ. ಅದೇ ನಂಬರು.

ನಾನು ಎರಡೂ ಡಬ್ಬಿಗಳನ್ನು ಕೈಗೆತ್ತಿಕೊಂಡೆ. ಆ ಡಬ್ಬಿಯನ್ನು ನಾನು ಮೊದಲೇ ನೋಡಿದ್ದೆ. ಒಂದು ದೊಡ್ಡ ಮೇಜಿನ ಮೇಲೆ, ಚಹಾ ಮತ್ತು ಗ್ಲುಕೋಸ್ ಬಿಸ್ಕತ್ತಿನ ತಟ್ಟೆಯ ಪಕ್ಕದಲ್ಲಿ.

ಇಲ್ಲಿ ಸ್ವಲ್ಪ ಹಿಂದಿನದನ್ನು ಹೇಳಬೇಕು.

ಆಂಟಾಪ್ ಹಿಲ್‌ನಿಂದ ಒಂದು ಬಸ್ಸಿನ ದೂರದಲ್ಲಿರುವ ದೊಡ್ಡ ಆಸ್ಪತ್ರೆಯಲ್ಲಿ ನಾನೊಬ್ಬ ಕಮಿಟಿ ಮೆಂಬರು. ಎಥಿಕ್ಸ್ ಕಮಿಟಿ ಅನ್ನುತ್ತಾರೆ. ರೋಗಿಗಳ ಮೇಲೆ ಹೊಸ ಔಷಧಿಯ ಪ್ರಯೋಗ ಮಾಡುವ ಮೊದಲು, ಅದು ನ್ಯಾಯವೇ, ಅಪಾಯ ಎಷ್ಟು, ರೋಗಿಗೆ ಎಲ್ಲವನ್ನೂ ತಿಳಿಸಿದ್ದಾರೆಯೇ ಎಂದು ನೋಡಿ ಒಪ್ಪಿಗೆ ಕೊಡುವ ಕಮಿಟಿ. ಅದರಲ್ಲಿ ಡಾಕ್ಟರಲ್ಲದವರು ಒಬ್ಬರಾದರೂ ಇರಬೇಕಂತೆ. ಕಮಿಟಿಯ ಸೆಕ್ರೆಟರಿ ಡಾಕ್ಟರ್ ಕುಲಕರ್ಣಿ ಧಾರವಾಡದ ಕಡೆಯವರು, ನಮ್ಮ ಕನ್ನಡ ಸಂಘದಲ್ಲಿ ಪರಿಚಯ. "ನೀವs ಬರ್ರಿ. ನಿಮಗ ಔಷಧದ ಬಗ್ಗೆ ಏನೂ ಗೊತ್ತಿಲ್ಲ ಹೌದಿಲ್ಲೋ? ಅಂಥವರs ಬೇಕಾಗ್ಯಾರ" ಎಂದರು. ನನ್ನ ಜೀವನದಲ್ಲಿ ಏನೂ ಗೊತ್ತಿಲ್ಲದ್ದಕ್ಕೆ ಸಿಕ್ಕ ಒಂದೇ ಹುದ್ದೆ ಅದು.

ಬಿಪಿಯ ಈ ಹೊಸ ಮಾತ್ರೆಯ ಪ್ರಯೋಗ ಮುಂಬಯಿಯ ಮೂರು ಆಸ್ಪತ್ರೆಗಳಲ್ಲಿ ಒಟ್ಟಿಗೇ ನಡೆಯುವುದಿತ್ತು. ಮೂರಕ್ಕೂ ಮೂರು ಕಮಿಟಿ. ಮೊದಲು ಬಂದದ್ದು ನಮ್ಮ ಕಮಿಟಿಗೆ. ರೋಗಿಗೆ ಓದಿ ಹೇಳಿ ಸಹಿ ಹಾಕಿಸುವ ಕಾಗದದಲ್ಲಿ, "ಏಳುವಾಗ ಸ್ವಲ್ಪ ತಲೆ ಸುತ್ತಬಹುದು" ಎಂದಿತ್ತು.

ನಾನು ಕೇಳಿದೆ: "ತಲೆ ಸುತ್ತಿದರೆ ಎಲ್ಲಿ ಬೀಳುತ್ತಾರೆ?"

ಯಾರೋ ನಕ್ಕರು. "ನೆಲದ ಮೇಲೆ," ಎಂದರು ಒಬ್ಬ ಪ್ರೊಫೆಸರ್.

ನಾನು ಲೋಕಲ್‌ನ ಬಾಗಿಲನ್ನು ನೆನೆಸಿಕೊಂಡಿದ್ದೆ. ದಿನಾ ಬೆಳಿಗ್ಗೆ ಕಂಬಿ ಹಿಡಿದು ಅರ್ಧ ದೇಹ ಹೊರಗೆ ಹಾಕಿ ನಿಲ್ಲುವವರನ್ನು ನಾವೆಲ್ಲ ನೋಡುತ್ತೇವೆ. ಅವರಿಗೆ ತಲೆ ಸುತ್ತಿದರೆ ನೆಲ ಎಲ್ಲಿದೆ? ಅಷ್ಟು ಹೇಳಿದೆ. ನಗು ನಿಂತಿತು. ಒಳ್ಳೆಯ ಚರ್ಚೆಯಾಯಿತು. ಲೋಕಲ್‌ನ ಬಾಗಿಲು, ಬೆಂಕಿಯ ಹತ್ತಿರ ಕೆಲಸ, ಎತ್ತರದ ಕೆಲಸ, ಈ ಮೂರನ್ನೂ ಹೆಸರಿಸಿ ಎಚ್ಚರಿಕೆ ಸೇರಿಸಿದೆವು. ಡಾಕ್ಟರು ಅದನ್ನು ಪ್ರತಿಯೊಬ್ಬರಿಗೂ ಬಾಯಲ್ಲಿ ಹೇಳಬೇಕು ಎಂದೂ ಬರೆಸಿದೆವು. ಬಿಸ್ಕತ್ತು ತಿಂದು ಎದ್ದೆವು. ಮನೆಗೆ ಬಂದು ಹೆಂಡತಿಯ ಮುಂದೆ ಸ್ವಲ್ಪ ಕೊಚ್ಚಿಕೊಂಡದ್ದೂ ಉಂಟು.

ನಮ್ಮ ಆಸ್ಪತ್ರೆಯ ರೋಗಿಗಳಿಗೆ ಆ ಎಚ್ಚರಿಕೆ ತಲುಪಿತು. ಜಗ್ಗಣ್ಣನಿಗೆ ತಲುಪಿತು. ಗಲ್ಲಾದ ಮುಂದೆ ದಿನವಿಡೀ ಕುರ್ಚಿಯಲ್ಲಿ ಕೂರುವ ಜಗ್ಗಣ್ಣನಿಗೆ!

ವಾಸು ಭಟ್ಟರ ಮನೆ ದಹಿಸರ್‌ನಲ್ಲಿ. ಅವರು ಹೋದದ್ದು ಆ ಕಡೆಯ ಆಸ್ಪತ್ರೆಗೆ. ಅಲ್ಲಿಯೂ ಅದೇ ಪ್ರಯೋಗ, ಅದೇ ಮಾತ್ರೆ, ಅದೇ ಡಬ್ಬಿ. ಅವರಿಗೆ ಹೇಳಿದ್ದು: ಏಳುವಾಗ ಸ್ವಲ್ಪ ತಲೆ ಸುತ್ತಬಹುದು. ಅಷ್ಟೇ.

ಕ್ಯಾಷುಯಲ್ಟಿಯ ಬೆಂಚಿನ ಮೇಲೆ ಕೂತು ನಾನು ಕೇಳಿದೆ, "ಭಟ್ಟರೇ, ಇಬ್ಬರೂ ಒಂದೇ ಹೋಟೆಲಿನಲ್ಲಿದ್ದೀರಿ. ಒಂದೇ ಡಬ್ಬಿ. ಈ ವಿಷಯ ಮಾತಾಡಲೇ ಇಲ್ಲವೇ?"

"ಮಾತಾಡದೆ ಎಂತ?" ಎಂದರು ಜಗ್ಗಣ್ಣ. "ನಾನೇ ಹೇಳಿದ್ದೆ ಸಾರ್. ಭಟ್ರೆ, ನಂಗೆ ಬೆಂಕಿ ಹತ್ರ ನಿಲ್ಲಬೇಡಿ ಹೇಳಿದ್ದಾರೆ, ನಿಮ್ಗೆ? ಅಂತ ಕೇಳಿದ್ದೆ. ಇವ್ರು ತಮಾಷೆ ಮಾಡಿದ್ರು."

"ಏನು ತಮಾಷೆ?" ಎಂದೆ.

ಭಟ್ಟರು ನೆಲ ನೋಡಿದರು. "ನಂಗೆ ಹಾಗೆಂತ ಹೇಳ್ಲಿಲ್ಲ ಮಾರಾಯ್ರೆ. ಒಂದೇ ಮಾತ್ರೆ ಆದ್ರೆ ಒಂದೇ ಮಾತು ಹೇಳ್ಬೇಕಲ್ಲ? ಡಾಕ್ಟ್ರು ಸುಳ್ಳು ಹೇಳ್ತಾರಾ? ಅದಕ್ಕೆ ನಾನು ಹೇಳಿದೆ, ನಿಮ್ಮದು ಗಲ್ಲಾದಲ್ಲಿ ಕೂತವರ ಮಾತ್ರೆ, ನಮ್ಮದು ನಿಂತವರ ಮಾತ್ರೆ, ಬೇರೆ ಬೇರೆ ಇರ್ಬೇಕು ಅಂತ."

ಈ ಮಾತಿಗೆ ಆ ದಿನ ಹೋಟೆಲಿನಲ್ಲಿ ಎಲ್ಲರೂ ನಕ್ಕಿದ್ದರಂತೆ. ನೀವಾದರೂ ನಗುತ್ತಿದ್ದಿರಿ. ನಾನೂ ನಗುತ್ತಿದ್ದೆ. ಆದರೆ ಆ ತರ್ಕದಲ್ಲಿ ತಪ್ಪು ಎಲ್ಲಿದೆ ಹೇಳಿ? ಎರಡು ಆಸ್ಪತ್ರೆಗಳು ಎರಡು ಮಾತು ಹೇಳಿದರೆ ಮಾತ್ರೆಯೇ ಎರಡು ಎಂದು ತಿಳಿಯುವುದು ಸಹಜವಲ್ಲವೇ? ಡಾಕ್ಟರನ್ನು ನಂಬುವ ಮನುಷ್ಯ ಇನ್ನೇನು ತಿಳಿಯಬೇಕು?

(ಇನ್ನೊಂದು ಮಾತು. ದಹಿಸರ್‌ನಿಂದ ಚರ್ಚ್‌ಗೇಟ್‌ವರೆಗೆ ಭಟ್ಟರು ದಿನಾ ನಿಲ್ಲುತ್ತಿದ್ದದ್ದು ಲೋಕಲ್‌ನ ಬಾಗಿಲಲ್ಲಿ. ಗಾಳಿ ಬರುತ್ತದೆ ಎಂದು. ಇದನ್ನು ಅವರು ಸುಮ್ಮನೆ, ಮಾತಿಗೆ ಮಾತು ಬಂದಾಗ ಹೇಳಿದರು. ನಾನು ಬೆಂಚಿನ ಅಂಚನ್ನು ಹಿಡಿದುಕೊಂಡೆ.)

ಆಸ್ಪತ್ರೆಯ ಹೊರಗಿನ ಅಂಗಡಿಯಿಂದಲೇ ಕುಲಕರ್ಣಿಯವರಿಗೆ ಫೋನ್ ಮಾಡಿದೆ. ಎಲ್ಲ ಕೇಳಿ ಅವರು ಮೊದಲು ಹೇಳಿದ್ದು, "ಪೇಷಂಟ್ ನಮ್ಮವನಲ್ಲ ಹೌದಿಲ್ಲೋ?"

"ಅಲ್ಲ."

ಆ ಕಡೆಯಿಂದ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಅವರಿಗೂ ಕೇಳಿಸಿರಬೇಕು. "ಥೂ, ನಾ ಏನ್ ಕೇಳಿದೆ ನೋಡ್ರಿ," ಎಂದರು. ಒಳ್ಳೆಯ ಮನುಷ್ಯರು. ಮೂರೂ ಆಸ್ಪತ್ರೆಗಳ ಕಮಿಟಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಲು ಅವರೇ ಓಡಾಡಿದರು. ಅಂಥದ್ದು ನಡೆದದ್ದು ಅದೇ ಮೊದಲಂತೆ.

ಮೊದಲ ಚರ್ಚೆ ಯಾವುದರ ಮೇಲೆ ಎಂದುಕೊಂಡಿರಿ? ಅಧ್ಯಕ್ಷರ ಕುರ್ಚಿಯಲ್ಲಿ ಯಾರು ಕೂರಬೇಕು ಎಂಬುದರ ಮೇಲೆ. ಕೊನೆಗೆ ವಯಸ್ಸಿನಲ್ಲಿ ಹಿರಿಯರನ್ನು ನೋಡಿ ಕೂರಿಸಿದರು. ಅವರಿಗೆ ಕಿವಿ ಸ್ವಲ್ಪ ಮಂದ.

ಆಮೇಲೆ ತಿಳಿದುಬಂದದ್ದು ಬಹಳ ಸರಳವಾದ ವಿಷಯ. ಎರಡನೆಯ ಮತ್ತು ಮೂರನೆಯ ಕಮಿಟಿಗಳು ಈ ಪ್ರಯೋಗವನ್ನು ಹೆಚ್ಚು ಹೊತ್ತು ನೋಡಿರಲಿಲ್ಲ. ಏಕೆ? ನಮ್ಮ ಕಮಿಟಿ ಒಪ್ಪಿದೆ ಎಂದು ಅವರಿಗೆ ಗೊತ್ತಿತ್ತು. ದೊಡ್ಡ ಆಸ್ಪತ್ರೆ, ದೊಡ್ಡ ಡಾಕ್ಟರುಗಳು, ಅವರು ನೋಡಿದ ಮೇಲೆ ನಾವು ನೋಡುವುದೇನು? ಒಪ್ಪಿಬಿಟ್ಟರು.

ಆದರೆ ಅವರು ಒಪ್ಪಿದ್ದು ಕಂಪನಿ ಮೊದಲು ಕಳಿಸಿದ ಕಾಗದಕ್ಕೆ. ನಾವು ಒಪ್ಪಿದ್ದು ತಿದ್ದಿದ ಕಾಗದಕ್ಕೆ.

ಅವರು ನಮ್ಮನ್ನು ನಂಬಿದರು. ನಾವು ಹೂಂ ಅಂದೆವೆಂದು ನಂಬಿದರು. ಯಾವುದಕ್ಕೆ ಹೂಂ ಅಂದಿರಿ ಎಂದು ಕೇಳಲಿಲ್ಲ. ನಾವೂ ಹೇಳಲಿಲ್ಲ. ಹೇಳುವುದು ಯಾರ ಕೆಲಸ? ಕಂಪನಿಯವರ ಕೆಲಸವೇ? ನಮ್ಮ ಸೆಕ್ರೆಟರಿಯ ಕೆಲಸವೇ? ಆ ಕೋಣೆಯಲ್ಲಿ ಅಷ್ಟು ಜನ ಓದಿದವರಿದ್ದರು. ಯಾರಿಗೂ ಗೊತ್ತಿರಲಿಲ್ಲ. ಮೂರು ಮನೆಗಳ ನಡುವೆ ಒಂದೇ ಬೀಗ, ಪ್ರತಿಯೊಬ್ಬರೂ ಪಕ್ಕದವರು ಹಾಕಿರುತ್ತಾರೆ ಎಂದುಕೊಂಡು ಮಲಗಿದ ಹಾಗೆ.

ದಹಿಸರ್ ಕಡೆಯ ಆಸ್ಪತ್ರೆಯಿಂದ ಬಂದಿದ್ದವರು ಡಾಕ್ಟರ್ ಪ್ರಧಾನ್. ಭಟ್ಟರಿಗೆ ಮಾತ್ರೆ ಕೊಟ್ಟ ಡಾಕ್ಟರು ಅವರೇ. ನಲವತ್ತರ ಆಸುಪಾಸಿನ ಹೆಂಗಸು. ಸೀರೆಯ ಸೆರಗನ್ನು ಬಿಗಿಯಾಗಿ ಸುತ್ತಿಕೊಂಡು ಕೂತಿದ್ದರು. ಎಲ್ಲರ ಮಾತು ಮುಗಿದ ಮೇಲೆ ಅವರು ಹೇಳಿದ್ದನ್ನು ನನ್ನ ಕನ್ನಡದಲ್ಲಿ ಬರೆಯುತ್ತೇನೆ.

"ಬೆಂಕಿ, ಎತ್ತರ, ಲೋಕಲ್‌ನ ಬಾಗಿಲು ಎಂದು ಹೇಳಿದರೆ ಹೊರರೋಗಿಗಳು ಬರುವ ನನ್ನ ಓಪಿಡಿ ಅರ್ಧ ಖಾಲಿಯಾಗುತ್ತದೆ. ನನ್ನ ರೋಗಿಗಳು ಮಾಡುವುದೇ ಆ ಕೆಲಸ. ಮಾತ್ರೆ ಬೇಡ ಅನ್ನುತ್ತಾರೆ. ಹೋಗುತ್ತಾರೆ. ವರ್ಷದ ಮೇಲೆ ಒಂದು ಕಡೆ ಲಕ್ವ ಹೊಡೆದು ಸ್ಟ್ರೆಚರ್ ಮೇಲೆ ಬರುತ್ತಾರೆ. ಇದರಲ್ಲಿ ಯಾವುದು ಎಥಿಕಲ್ ಎಂದು ನೀವು ನನಗೆ ಹೇಳಿ."

ಎಣ್ಣೆ ನೋಡಿ ಬಂದವನು ನಾನು, ಸ್ಟ್ರೆಚರ್ ನೋಡಿದವರು ಅವರು. ಇಬ್ಬರ ನಿದ್ದೆಯೂ ಹೋಗಿತ್ತು.

ಕೊನೆಗೆ ತೀರ್ಮಾನವಾಯಿತು. ಮೂರೂ ಕಡೆ ಒಂದೇ ಎಚ್ಚರಿಕೆ ಇರಬೇಕು. ಎಲ್ಲರೂ ಒಪ್ಪಿದರು. ಆದರೆ (ಈ "ಆದರೆ" ಇಲ್ಲದ ಕಮಿಟಿ ನಾನು ನೋಡಿಲ್ಲ) ಈ ಕೋಣೆಯ ತೀರ್ಮಾನಕ್ಕೆ ಅಧಿಕಾರವಿಲ್ಲ. ಪ್ರತಿ ಕಮಿಟಿಯೂ ತನ್ನ ಆಸ್ಪತ್ರೆಗೆ ಹೋಗಿ, ತನ್ನ ಮೀಟಿಂಗ್ ಕರೆದು, ತನ್ನ ಅಧ್ಯಕ್ಷರ ಸಮ್ಮುಖದಲ್ಲಿ ಪಾಸ್ ಮಾಡಬೇಕು. ಅಲ್ಲಿಯವರೆಗೆ ವಿಷಯ ಹೊರಗೆ ಹೋಗಬಾರದು. ಕಿವಿ ಮಂದದ ಅಧ್ಯಕ್ಷರು ಇದೊಂದನ್ನು ಬಹಳ ಗಟ್ಟಿಯಾಗಿ ಹೇಳಿದರು.

ಮೆಟ್ಟಿಲಿಳಿಯುವಾಗ ಡಾಕ್ಟರ್ ಪ್ರಧಾನ್ ನನ್ನ ಪಕ್ಕಕ್ಕೆ ಬಂದರು. "ಆ ಹೋಟೆಲ್ ಎಲ್ಲಿದೆ?"

"ಫೋರ್ಟಿನಲ್ಲಿ. ಏಕೆ?"

"ಅವನಿಗೆ ಹೇಳಬೇಕು."

"ನಿಮ್ಮ ಕಮಿಟಿ ಇನ್ನೂ ಪಾಸ್ ಮಾಡಿಲ್ಲವಲ್ಲ?"

ಅವರು ಟ್ಯಾಕ್ಸಿಗೆ ಕೈ ತೋರಿಸಿದರು. ನಾನೂ ಹತ್ತಿದೆ.

ಹೋಟೆಲಿನಲ್ಲಿ ಮಧ್ಯಾಹ್ನದ ರಶ್ ಮುಗಿದು ಕುರ್ಚಿಗಳನ್ನು ಮೇಜಿನ ಮೇಲೆ ಮಗುಚಿ ನೆಲ ಒರೆಸುತ್ತಿದ್ದರು. ಭಟ್ಟರು ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಮೂಲೆಯಲ್ಲಿ ಕೂತಿದ್ದರು. ಕೆಲಸವಿಲ್ಲದಿದ್ದರೂ ದಿನಾ ಬರುತ್ತಿದ್ದರು, ಮನೆಯಲ್ಲಿ ಕೂರಲು ಆಗುವುದಿಲ್ಲ ಎಂದು. ಡಾಕ್ಟರನ್ನು ನೋಡಿ ಗಾಬರಿಯಿಂದ ಎದ್ದರು. ಎದ್ದ ರಭಸಕ್ಕೆ ಗೋಡೆ ಹಿಡಿದುಕೊಂಡರು.

"ಮೇಡಂ, ಆಪ್ ಕಾಯ್ಕೋ ಆಯಾ? ಬುಲಾತಾ ತೋ ಮೈ ಆತಾ ನಾ!" ಕರೆದಿದ್ದರೆ ತಾವೇ ಬರುತ್ತಿದ್ದೆವು ಎನ್ನುವ ಸಂಕೋಚ ಅವರಿಗೆ.

"ಬೈಠೋ, ಬೈಠೋ," ಎಂದು ಅವರನ್ನು ಕೂರಿಸಿ, ತಾವೂ ಒಂದು ಕುರ್ಚಿ ಇಳಿಸಿಕೊಂಡು ಎದುರಿಗೆ ಕೂತರು. ಹಿಂದಿಯಲ್ಲಿ, ಬಿಡಿಸಿ ಬಿಡಿಸಿ, ಎಲ್ಲವನ್ನೂ ಹೇಳಿದರು. ಮಾತ್ರೆ ಒಂದೇ. ನಿಮ್ಮದೂ ಜಗ್ಗಣ್ಣನದೂ ಒಂದೇ. ಏಳುವಾಗ ಕಣ್ಣು ಕತ್ತಲೆ ಬರಬಹುದು. ಬೆಂಕಿಯ ಹತ್ತಿರ ನಿಲ್ಲಬಾರದಿತ್ತು. ಇದನ್ನು ನಾನು ನಿಮಗೆ ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ. ಈಗ ಪ್ರಯೋಗದಿಂದ ಹೊರಗೆ ಬರಬಹುದು, ಬೇರೆ ಮಾತ್ರೆ ಬರೆದುಕೊಡುತ್ತೇನೆ, ಅದು ನಿಮ್ಮ ಬಿಪಿಗೆ ಇಷ್ಟು ಚೆನ್ನಾಗಿ ಕೆಲಸ ಮಾಡುತ್ತದೋ ಇಲ್ಲವೋ ಗೊತ್ತಿಲ್ಲ. ಇದರಲ್ಲೇ ಇರುವುದಾದರೆ ಬಾಣಲೆ ಬಿಡಬೇಕು. ನೀವೇ ಹೇಳಿ.

ಭಟ್ಟರು ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು.

"ನನ್ನ ಅಪ್ಪನಿಗೆ ಲಕ್ವ ಹೊಡ್ದು ಎಷ್ಟೋ ವರ್ಷ ಚಾಪೆಯಲ್ಲೇ ಇದ್ರು ಸಾರ್. ನಂಗೆ ಅದು ಬೇಡ. ಮಾತ್ರೆ ಬಿಡುದಿಲ್ಲ ನಾನು. ಆದ್ರೆ ಒಂದು ಮಾತು. ಇದನ್ನು ಮೊದಲೇ ಹೇಳಿದ್ರೆ ನಾನೇ ಇಳಿತಿದ್ದೆ. ಹೆಂಡ್ತಿ ಹತ್ರ ಕೇಳಿ, ಧಣಿಗಳ ಹತ್ರ ಹೇಳಿ, ಶೇಖರನಿಗೆ ವಡೆ ಕಲಿಸಿ, ಮತ್ತೆ ಇಳಿತಿದ್ದೆ. ಈಗ ಎಂತ ಆಯ್ತು? ಭಟ್ರು ಬಿದ್ರು, ಅದಕ್ಕೆ ತೆಗೆದ್ರು ಅಂತಾಯ್ತು."

"ಕ್ಯಾ ಬೋಲಾ?" ಎಂದು ಡಾಕ್ಟರು ನನ್ನನ್ನು ಕೇಳಿದರು.

ಹೇಳಬೇಕೇ, ಬೇಡವೇ? ಹೇಳಿದೆ. ಒಂದು ಮಾತನ್ನೂ ಮೆದು ಮಾಡದೆ ಹೇಳಿದೆ. ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಮತ್ತೆ ಹಾಕಿಕೊಂಡರು. ಮತ್ತೆ ತೆಗೆದು ಒರೆಸಿದರು.

ಅರ್ಧ ಓಪಿಡಿ ಖಾಲಿಯಾಗುತ್ತದೆ ಎಂದಿದ್ದರಲ್ಲ? ಆಗಬಹುದು. ನಾನು ಇಲ್ಲ ಎನ್ನುವುದಿಲ್ಲ. ಆದರೆ ವಾಸು ಭಟ್ಟರು ಆ ಅರ್ಧದಲ್ಲಿ ಇರಲಿಲ್ಲ. ಅದು ಅವರನ್ನು ಕೇಳದೆ ಯಾರಿಗೆ ಗೊತ್ತಾಗಬೇಕಿತ್ತು?

ಈಗ ಭಟ್ಟರು ತರಕಾರಿ ಹೆಚ್ಚುವ ಕಡೆ ಕೂರುತ್ತಾರೆ. ಕೈ ಪೂರ್ತಿ ವಾಸಿಯಾಗಿಲ್ಲ, ನಿಧಾನಕ್ಕೆ ಹೆಚ್ಚುತ್ತಾರೆ. ಹೋಟೆಲಿನ ಅಡುಗೆಮನೆ ಗೊತ್ತಿರುವವರಿಗೆ ಇದು ಎಂಥ ಇಳಿತ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಬಾಣಲೆಯ ಮುಂದೆ ಶೇಖರ. ಅವನ ವಡೆ ಕೆಟ್ಟದ್ದೇನಲ್ಲ. ತೂತು ಸ್ವಲ್ಪ ಸೊಟ್ಟ. ಮೊನ್ನೆ ಜಗ್ಗಣ್ಣ ಗಲ್ಲಾದಿಂದ, "ಭಟ್ರೇ, ಈಗ ನಿಮ್ಮದೂ ಕೂತವರ ಮಾತ್ರೆ ಆಯ್ತು!" ಎಂದರು. ಹಗುರ ಮಾಡಲೆಂದೇ ಹೇಳಿದ್ದು. ಭಟ್ಟರು ಬೆಂಡೆಕಾಯಿಯಿಂದ ತಲೆ ಎತ್ತಲಿಲ್ಲ. ಜಗ್ಗಣ್ಣ ಚಿಲ್ಲರೆ ಎಣಿಸುವವರ ಹಾಗೆ ಡ್ರಾಯರ್ ಎಳೆದರು.

ನನ್ನನ್ನು ನೋಡಿದರೆ ಭಟ್ಟರು ಈಗ ಬೆಲ್ಲದ ಮಾತು ಎತ್ತುವುದಿಲ್ಲ. ನಾನೇ ಎತ್ತಬೇಕು. ಇನ್ನೂ ಬಾಯಿ ಬಂದಿಲ್ಲ.

ಡಾಕ್ಟರ್ ಪ್ರಧಾನ್ ಅದರ ಮರುದಿನದಿಂದಲೇ ತಮ್ಮ ರೋಗಿಗಳಿಗೆಲ್ಲ ಎಚ್ಚರಿಕೆ ಹೇಳಲು ಶುರು ಮಾಡಿದ್ದಾರೆ, ಕಮಿಟಿ ಪಾಸ್ ಮಾಡುವ ಮೊದಲೇ. ಕೆಲವರು ಬಿಟ್ಟು ಹೋದರಂತೆ. ಹಲವರು ಉಳಿದರಂತೆ. ಅವರ ಮೇಲೆ ಅವರ ಕಮಿಟಿಗೆ ಸಿಟ್ಟು ಬಂದಿದೆ. ಒಪ್ಪಿಗೆಯಿಲ್ಲದ ಮಾತನ್ನು ರೋಗಿಗೆ ಹೇಳಿದ್ದು ನಿಯಮಕ್ಕೆ ವಿರೋಧ ಎಂದು ವಿವರಣೆ ಕೇಳಿದ್ದಾರೆ. ಓದಿ ನೋಡಿ ಇನ್ನೊಮ್ಮೆ. ಹೇಳದೆ ಇದ್ದದ್ದಕ್ಕೆ ಯಾರೂ ವಿವರಣೆ ಕೇಳಿರಲಿಲ್ಲ.

ಇನ್ನು ಉಳಿದದ್ದು ಮೂರನೆಯ ಆಸ್ಪತ್ರೆ. ಅಲ್ಲಿನ ಡಾಕ್ಟರು ಸಜ್ಜನರು, ಶಿಸ್ತಿನವರು. ನಾನು ಹೋಗಿ ಕಂಡೆ. "ನನ್ನ ಕಮಿಟಿ ಪಾಸ್ ಮಾಡದ ಒಂದು ಅಕ್ಷರವನ್ನೂ ನಾನು ರೋಗಿಗೆ ಹೇಳುವುದಿಲ್ಲ. ಹೇಳಿದರೆ ಅದೇ ಅನೆಥಿಕಲ್" ಎಂದರು. ನಗಲಿಲ್ಲ, ಸಿಟ್ಟಾಗಲಿಲ್ಲ. ಅವರ ಕಮಿಟಿ ಯಾವಾಗ ಸೇರುತ್ತದೆ ಎಂದು ಕೇಳಿದೆ. ಚೇರ್ಮನ್ ಫಾರಿನ್ ಟೂರ್‌ನಲ್ಲಿದ್ದಾರೆ, ಬಂದ ಮೇಲೆ ಎಂದರು.

ಹೊರಗೆ ಅವರ ಓಪಿಡಿಯ ಸಾಲು. ಅದರಲ್ಲಿ ಒಬ್ಬನ ಪ್ಯಾಂಟಿನ ಮೇಲೆ, ಕೈಯ ಮೇಲೆ, ಕಿವಿಯ ಹಿಂದೆ ಕೂಡ ಹಳದಿ ಡಿಸ್ಟೆಂಪರ್. ಬಿಲ್ಡಿಂಗ್‌ಗಳಿಗೆ ಹೊರಗಡೆಯಿಂದ ಬಣ್ಣ ಹೊಡೆಯುವವನು. ಬಿದಿರು ಕಟ್ಟಿ, ಅದರ ಮೇಲೆ ಬರಿಗಾಲಲ್ಲಿ ನಿಂತು, ಮೂರನೆಯ ಮಹಡಿ, ನಾಲ್ಕನೆಯ ಮಹಡಿ ಎಂದು ಏರುವವರನ್ನು ನೀವು ನೋಡಿದ್ದೀರಿ. ಅವನ ಅಂಗಿಯ ಜೇಬಿನಲ್ಲಿ ಬಿಳಿ ಡಬ್ಬಿ ಉಬ್ಬಿ ಕಾಣುತ್ತಿತ್ತು.

ನಾನು ಅವನ ಪಕ್ಕಕ್ಕೆ ಹೋಗಿ ಹೇಳಿದೆ. ನನಗೆ ಬಂದ ಹಿಂದಿಯಲ್ಲಿ, ಆದಷ್ಟು ಸರಿಯಾಗಿ ಹೇಳಿದೆ. ಅವನು ಕೇಳಿಸಿಕೊಂಡ. ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಆಪ್ ಡಾಕ್ಟರ್ ಹೈ?"

"ನಹೀ."

"ತೋ ಫಿರ್?" ಎಂದ, ಮತ್ತೆ ನಿಮಗೇನು ಎನ್ನುವ ಹಾಗೆ. ಸಾಲು ಮುಂದೆ ಸರಿಯಿತು, ಅವನೂ ಸರಿದ.

ಡಾಕ್ಟರಲ್ಲ ಎನ್ನುವ ಕಾರಣಕ್ಕೆ ನನ್ನನ್ನು ಕಮಿಟಿಗೆ ಸೇರಿಸಿದ್ದರು. ಅದೇ ಕಾರಣಕ್ಕೆ ಅವನು ನನ್ನನ್ನು ನಂಬಲಿಲ್ಲ. ನಂಬಬೇಕಾಗಿಯೂ ಇರಲಿಲ್ಲ.

ವಿಷಯ ಹೊರಗೆ ಹೋಗಬಾರದು ಎಂದು ಆ ಕೋಣೆಯಲ್ಲಿ ನಾನೂ ತಲೆಯಾಡಿಸಿದ್ದೆ. ಈ ಅಂಕಣ ಅಚ್ಚಾದ ಮೇಲೆ ಕಮಿಟಿಯಲ್ಲಿ ನನಗೆ ಜಾಗ ಇರುವುದಿಲ್ಲ. ಕುಲಕರ್ಣಿಯವರಿಗೆ ಮೊದಲೇ ತಿಳಿಸಿದ್ದೇನೆ. "ಬರೀರಿ. ಆಮ್ಯಾಲೆ ನಾ ನಿಮಗ ಬೈತೀನಿ" ಎಂದರು.

ಆದ್ದರಿಂದ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಹೋಟೆಲಿನ ಅಡುಗೆಮನೆಯಲ್ಲಿ ನಿಲ್ಲುವವರಿದ್ದೀರಿ, ಲೋಕಲ್‌ನ ಬಾಗಿಲಲ್ಲಿ ನೇತಾಡುವವರಿದ್ದೀರಿ. ಆಸ್ಪತ್ರೆಯಲ್ಲಿ ನಿಮಗೆ ಹೆಸರಿಲ್ಲದ ಡಬ್ಬಿ ಕೊಟ್ಟಿದ್ದರೆ ಮಾತ್ರೆಯನ್ನು ನನ್ನ ಮಾತಿಗೆ ನಿಲ್ಲಿಸಬೇಡಿ. ಡಾಕ್ಟರ ಮುಂದೆ ಕೂತು, ನೀವು ಮಾಡುವ ಕೆಲಸ ಏನೆಂದು ಹೇಳಿ. ಇದನ್ನು ತಿಂದು ಆ ಕೆಲಸ ಮಾಡಬಹುದೇ ಎಂದು ಕೇಳಿ. ಪಕ್ಕದವನಿಗೆ ಬೇರೆ ಮಾತು ಹೇಳಿದ್ದರೆ, ಅವನ ಮಾತ್ರೆಯೇ ಬೇರೆ ಎಂದುಕೊಳ್ಳಬೇಡಿ.

ಆದರೆ ಆ ಹಳದಿ ಡಿಸ್ಟೆಂಪರಿನವನು ಕನ್ನಡ ಓದುವುದಿಲ್ಲ. ನಾಳೆ ಬೆಳಿಗ್ಗೆಯೂ ಮಾತ್ರೆ ನುಂಗಿ ಬಿದಿರು ಹತ್ತುತ್ತಾನೆ.

ಚೇರ್ಮನ್ ಫಾರಿನ್‌ನಿಂದ ಬರುವವರೆಗೆ ಅವನ ತಲೆ ಸುತ್ತದೆ ಕಾಯುತ್ತದೆಯೇ?